ಉಸಿರಾಡೋಕೂ ಪುರುಸೊತ್ತಿಲ್ಲ

"ಏನ್ ಸಾರ್, ಕಾಣಿಸ್ಕೊಳ್ಳೋದೇ ಇಲ್ಲ?" ಎಂದು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: "ಅಯ್ಯೋ, ಉಸಿರಾಡೋಕೂ ಪುರುಸೊತ್ತಿಲ್ಲ." ಇದು ಬರೀ ಮಾತಿನ ಅಲಂಕಾರ ಅಂದುಕೊಂಡರೆ ತಪ್ಪು. ಲ್ಯಾಪ್‌ಟಾಪಿನ ಮುಂದೆ ಕೂತವರನ್ನು ಸ್ವಲ್ಪ ಹೊತ್ತು ಪಕ್ಕದಿಂದ ಗಮನಿಸಿ. ಮ್ಯಾನೇಜರರ ಮೇಲ್ ತೆರೆದುಕೊಳ್ಳುವಷ್ಟರಲ್ಲಿ ಭುಜ ಎರಡು ಬೆರಳು ಮೇಲೇರಿರುತ್ತದೆ, ಹೊಟ್ಟೆ ಬಿಗಿದಿರುತ್ತದೆ, ಉಸಿರು ಅಲ್ಲೇ ನಿಂತಿರುತ್ತದೆ. ಓದಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡು, ‘ನೋಟೆಡ್, ಥ್ಯಾಂಕ್ಸ್’ ಎಂದು ಕಳಿಸಿದ ಮೇಲೇ ಒಂದು ‘ಉಸ್ಸಪ್ಪಾ’. 2008ರಲ್ಲಿ ಲಿಂಡಾ ಸ್ಟೋನ್ ಎಂಬಾಕೆ ಇದಕ್ಕೆ ‘ಇಮೇಲ್ ಆಪ್ನಿಯ’, ಅಂದರೆ ಇಮೇಲ್ ಮುಂದೆ ಉಸಿರು ನಿಲ್ಲುವುದು, ಎಂದು ಹೆಸರಿಟ್ಟರು. ಕನ್ನಡದಲ್ಲಿ ಆ ಮಾತು ಮೊದಲೇ ಇತ್ತು, ಇಮೇಲ್ ಇರಲಿಲ್ಲ ಅಷ್ಟೆ.

ನಮ್ಮ ಭಾಷೆಗೆ ಉಸಿರಿನ ಮೇಲೆ ಸದಾ ಒಂದು ಕಣ್ಣು. ದೊಡ್ಡವರ ಮುಂದೆ ಉಸಿರೆತ್ತುವ ಹಾಗಿಲ್ಲ, ಬಸ್ಸಿನ ಹಿಂದೆ ಓಡಿದರೆ ಏದುಸಿರು, ಕೊನೆಯ ಓವರಿಗೆ ಬಿಗಿಹಿಡಿದ ಉಸಿರು. ಇವುಗಳಲ್ಲೆಲ್ಲ ಹೆಚ್ಚು ಮರ್ಯಾದೆ ಸಲ್ಲಬೇಕಾದದ್ದು ನಿಟ್ಟುಸಿರಿಗೆ. ನಿಡಿದಾದ ಉಸಿರು ಅದು. ಮನೆಯಲ್ಲಿ ನಿಟ್ಟುಸಿರು ಬಿಟ್ಟರೆ "ಅದೇನು ಹಾಗೆ ಬಿಡ್ತೀಯ, ಒಳ್ಳೇದಲ್ಲ" ಎಂದು ಅಜ್ಜಿ ಗದರಬಹುದು. ಶ್ವಾಸಕೋಶದ ಅಭಿಪ್ರಾಯ ಬೇರೆ. ಸುಮ್ಮನೆ ಕೂತಾಗಲೂ ಗಂಟೆಗೆ ಹತ್ತು-ಹನ್ನೆರಡು ಸಲ ದೇಹ ನಮ್ಮನ್ನು ಕೇಳದೆಯೇ ಒಂದು ದೊಡ್ಡ ಉಸಿರೆಳೆದು, ಮುದುಡಿದ ಗಾಳಿಗೂಡುಗಳನ್ನು ಬಿಚ್ಚಿ, ಉದ್ದಕ್ಕೆ ಬಿಟ್ಟುಬಿಡುತ್ತದೆ.

ಗುಟ್ಟಿರುವುದು ಈ ಬಿಡುವುದರಲ್ಲೇ. ಬಿಡುವಿಲ್ಲದವರು ಎಡವುವುದೂ ಇಲ್ಲೇ. ‘ದೀರ್ಘವಾಗಿ ಉಸಿರಾಡಿ’ ಎಂದೊಡನೆ ಎದೆಯುಬ್ಬಿಸಿ, ಕತ್ತಿನ ನರ ಎದ್ದು ಕಾಣುವಷ್ಟು ಎಳೆದುಕೊಳ್ಳುತ್ತಾರೆ, ಟಾರ್ಗೆಟ್ ಮುಟ್ಟಬೇಕು ಎನ್ನುವವರ ಹಾಗೆ. ಹತ್ತು-ಹದಿನೈದು ಸಲ ಹೀಗೆ ರಭಸದಿಂದ ಮಾಡಿದರೆ ತಲೆ ಹಗುರಾಗಿ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಕುಂಡಲಿನಿ ಎದ್ದಿತು ಎಂದು ಹಿಗ್ಗಬೇಕಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗಿವೆ, ಅಷ್ಟೆ. ಮಾಮೂಲಿ ಉಸಿರಿಗೆ ಮರಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸರಿಹೋಗುತ್ತದೆ.

ಹಾಗಂತ ಮೇಲುಮೇಲಿನ ಉಸಿರೂ ಕೆಲಸಕ್ಕೆ ಬಾರದು. ನೆಮ್ಮದಿಯ ಒಂದು ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ಬಂದ ದಾರಿಯಲ್ಲೇ ವಾಪಸಾಗುತ್ತದೆ. ಬೆಲ್ಟು ಬಿಗಿದು, ಗೂನು ಬೆನ್ನಲ್ಲಿ ಕೂತು 300ರಷ್ಟೇ ಎಳೆದರೆ ಅರ್ಧ ಗಾಳಿ ದಾರಿಯ ಪಾಲು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಆಫೀಸಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುರ್ಚಿಯ ಅಂಚಿಗೆ ಸರಿದು, ಪಾದ ನೆಲಕ್ಕೂರಿ, ಹೊಕ್ಕುಳ ಮೇಲೊಂದು ಅಂಗೈ ಇಟ್ಟುಕೊಳ್ಳಿ. ಎಳೆದಾಗ ಅಂಗೈ ಮುಂದೆ ಬರಬೇಕು, ಭುಜ ಅಲುಗಬಾರದು. ಅಂಗೈ ಒಳಗೆ ಹೋಗಿ ಭುಜ ಮೇಲೇರಿದರೆ ಉಸಿರಾಟ ತಲೆಕೆಳಗು.

ಇನ್ನು ಎಣಿಕೆ. 4 ಎಣಿಸುವಷ್ಟು ಎಳೆದು 6 ಎಣಿಸುವಷ್ಟು ಬಿಟ್ಟರೆ ಒಂದು ಉಸಿರಿಗೆ 10 ಸೆಕೆಂಡು, ನಿಮಿಷಕ್ಕೆ 6. ನಮ್ಮ ಹಿಂದಿನವರು ದಿನಕ್ಕೆ 21,600 ಉಸಿರು ಎಂದು ಲೆಕ್ಕ ಹಾಕಿ ಅಷ್ಟನ್ನೂ ಉಸಿರಿನ ಜೊತೆ ತಾನೇ ನಡೆಯುವ ಹಂಸಜಪಕ್ಕೆ ಜಮೆ ಮಾಡಿದ್ದರು. ಭಾಗಿಸಿ ನೋಡಿ, ನಿಮಿಷಕ್ಕೆ ಸರಿಯಾಗಿ 15; ಈಗಿನ ವೈದ್ಯರು ಹೇಳುವ 12ರಿಂದ 20ರ ನಡುವೆಯೇ ಬರುತ್ತದೆ. ಆ 15ನ್ನು ಐದು ನಿಮಿಷದ ಮಟ್ಟಿಗೆ 6ಕ್ಕೆ ಇಳಿಸುವುದೇ ನಮ್ಮ ಸಾಹಸ. ಮಣಿಕಟ್ಟಿನ ನಾಡಿಗೆ ಎರಡು ಬೆರಳಿಟ್ಟುಕೊಂಡು ಮಾಡಿದರೆ ಒಂದು ತಮಾಷೆ ಕಾಣುತ್ತದೆ: ಎಳೆಯುವಾಗ ಬಡಿತ ಚೂರು ಚುರುಕು, ಬಿಡುವಾಗ ಚೂರು ನಿಧಾನ. ಬಿಡುವಾಗ ವೇಗಸ್ ನರ ಗುಂಡಿಗೆಯ ಬ್ರೇಕನ್ನು ಮೆತ್ತಗೆ ಒತ್ತುತ್ತದೆ. ಉದ್ದಕ್ಕೆ ಬಿಟ್ಟಷ್ಟೂ ಹೊತ್ತು ಕಾಲು ಬ್ರೇಕಿನ ಮೇಲೇ. ಆರನೆಯ ಎಣಿಕೆಗೆ ಬಂದಾಗ ಗಾಳಿಗಾಗಿ ಬಾಯಿ ತೆರೆಯುವಂತಾದರೆ ಎಣಿಕೆ ಅತಿಯಾಯಿತೆಂದೇ ಅರ್ಥ. 3 ಮತ್ತು 4ಕ್ಕೆ ಇಳಿಯಿರಿ. ಯಾರೂ ಅಪ್ರೈಸಲ್ ಮಾಡುವುದಿಲ್ಲ.

ಸಂಧ್ಯಾವಂದನೆಯ ಮನೆಗಳಲ್ಲಿ "ಮೂಗು ಹಿಡ್ಕೊಂಡಾಯ್ತೇನೋ?" ಎಂದು ಕೇಳುತ್ತಾರೆ. ಹೊಸದಾಗಿ ಉಪನಯನವಾದ ಹುಡುಗ ಹಿಡಿಯುವುದೂ ಹಾಗೆಯೇ, ಬಾವಿಗೆ ಹಾರುವವನಂತೆ. ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ನಾಡಿಶೋಧನದಲ್ಲಿ ಮೂಗನ್ನು ಹಿಂಡುವುದಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಮಡಚಿ, ಹೆಬ್ಬೆರಳನ್ನು ಬಲ ಹೊಳ್ಳೆಗೂ ಉಂಗುರಬೆರಳನ್ನು ಎಡ ಹೊಳ್ಳೆಗೂ ತಾಗಿಸಬೇಕು. ಜಾಗ ಯಾವುದೆಂದರೆ ಮೂಗಿನ ಗಟ್ಟಿ ಎಲುಬು ಮುಗಿದು ಮೆದುವಾಗುವ ಕಡೆ, ಹಣ್ಣು ಮಾಗಿದೆಯೇ ಎಂದು ಮುಟ್ಟಿ ನೋಡುವಷ್ಟೇ ಒತ್ತಡದಲ್ಲಿ. ಹೆಬ್ಬೆರಳು ಜೋರಾದರೆ ನಡುವಿನ ಗೋಡೆ ವಾಲಿ ಎದುರು ಹೊಳ್ಳೆಯೂ ಅರ್ಧ ಮುಚ್ಚುತ್ತದೆ. ಮೂರನೆಯ ಸುತ್ತಿಗೆ ತಲೆ ಬಲಕ್ಕೆ ಓರೆಯಾಗುತ್ತದೆ, ಮೊಣಕೈ ಜೋತು ಎದೆಯ ಮೇಲೆ ಕೂರುತ್ತದೆ. ಇವೆರಡನ್ನೂ ಕನ್ನಡಿಯ ಮುಂದೆ ಕೂತು ನೋಡಿಕೊಳ್ಳದ ಹೊರತು ನಂಬುವುದು ಕಷ್ಟ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1981ರಲ್ಲಿ ಪ್ರಾಣಾಯಾಮದ ಮೇಲೆ ಬರೆದ ಪುಸ್ತಕದಲ್ಲಿ ಮೂಗಿನ ಮೇಲೆ ಬೆರಳಿಡುವ ಕಲೆಗೇ ಒಂದು ಅಧ್ಯಾಯ ಕೊಟ್ಟಿದ್ದಾರೆ. ಕನ್ನಡಿ ನೋಡಿಕೊಂಡವರಿಗೆ ಅದು ಅತಿ ಎನಿಸುವುದಿಲ್ಲ.

ಎಡದಲ್ಲಿ ಎಳೆದು ಬಲದಲ್ಲಿ ಬಿಡಿ. ಬಲದಲ್ಲೇ ಎಳೆದು ಎಡದಲ್ಲಿ ಬಿಡಿ. ಇದೊಂದು ಸುತ್ತು, 20 ಸೆಕೆಂಡು. ಒಂಬತ್ತು ಸುತ್ತಿಗೆ ಮೂರು ನಿಮಿಷ, ಕ್ಯಾಂಟೀನಿನಲ್ಲಿ ಕಾಫಿಗೆ ನಿಲ್ಲುವಷ್ಟು ಹೊತ್ತು. ಯಾವ ಕಡೆ ಎಂದು ಮರೆತುಹೋದರೆ (ಮರೆತೇ ಮರೆಯುತ್ತದೆ) ಬಿಟ್ಟ ಹೊಳ್ಳೆಯಿಂದಲೇ ಎಳೆದುಕೊಳ್ಳಿ, ತುಂಬಿದ ಮೇಲೆ ಬದಲಿಸಿ.

"ನಂಗೆ ಯಾವಾಗ್ಲೂ ಒಂದು ಹೊಳ್ಳೆ ಕಟ್ಟಿರುತ್ತೆ" ಎನ್ನುವವರು ಬೇಕಾದಷ್ಟು. ಹೆಚ್ಚಿನವರಿಗೆ ಹಾಗೆಯೇ. ಹೊಳ್ಳೆಗಳು ಪಾಳಿಯ ಮೇಲೆ ದುಡಿಯುತ್ತವೆ. ಕೆಲವು ಗಂಟೆ ಒಂದು ಸಡಿಲ, ಇನ್ನೊಂದು ಬಿಗಿ; ಆಮೇಲೆ ಶಿಫ್ಟ್ ಬದಲು. ಜರ್ಮನಿಯ ರಿಚರ್ಡ್ ಕೈಸರ್ ಇದನ್ನು 1895ರಲ್ಲಿ ಬರೆದಿಟ್ಟ. ಎಡ-ಬಲ ಹೊಳ್ಳೆಗಳ ನಾಡಿಗಳಿಗೆ ಇಡಾ-ಪಿಂಗಳಾ ಎನ್ನುವ ನಮ್ಮವರಿಗೆ ಇದು ಹಳೆಯ ಸುದ್ದಿ. ಜೋಗಿಗಳು ಕಂಕುಳಲ್ಲಿ ಯೋಗದಂಡ ಊರಿ ಪಾಳಿ ಬದಲಿಸಿಕೊಳ್ಳುತ್ತಿದ್ದರು. ದಂಡವಿಲ್ಲದವರು ಎಡಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿದರೆ ಬಲ ಹೊಳ್ಳೆ ಸಡಿಲವಾಗುತ್ತದೆ. ನೆಗಡಿಯಾಗಿ ಎರಡೂ ಕಟ್ಟಿದ ದಿನ ರಜೆ ಹಾಕಿ.

ಭ್ರಾಮರಿಯ ತೊಂದರೆ ಬೇರೆ ತರಹದ್ದು. ತುಟಿ ಮುಚ್ಚಿ, ಹಲ್ಲು ಕಚ್ಚದೆ, ಬಿಡುವ ಉಸಿರಿಗೆಲ್ಲ ದುಂಬಿಯ ಗುಂಯ್‌ಗುಡುವಿಕೆ ಸೇರಿಸಿದರೆ ಎಣಿಸದೆಯೇ ಉಸಿರು ಉದ್ದವಾಗುತ್ತದೆ, ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಸದ್ದೂ ಸಿಗುತ್ತದೆ. ಆದರೆ ಗೋಡೆಗಳಿಲ್ಲದ ಆಫೀಸಿನಲ್ಲಿ ಇದನ್ನು ಮಾಡಿದರೆ ಪಕ್ಕದವರು ಪ್ರಿಂಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪಾರ್ಕಿಂಗಿನಲ್ಲಿ ನಿಲ್ಲಿಸಿದ ಕಾರೇ ಗತಿ.

ಮಧ್ಯಾಹ್ನ ಬಿಸಿಬೇಳೆಬಾತ್ ಮುಗಿಸಿ, ‘ನಿದ್ದೆ ಬರ್ತಿದೆ’ ಎಂದು, ಉಸಿರನ್ನು ರಭಸದಿಂದ ಹೊರದೂಡುವ ಕಪಾಲಭಾತಿಗೆ ಇಳಿಯುವವರಿಗೆ ಮಾತ್ರ ನಮಸ್ಕಾರ. ಅದಕ್ಕೆ ಊಟವಾಗಿ ಮೂರು ಗಂಟೆಯಾದರೂ ಆಗಿರಬೇಕು. ರಕ್ತದೊತ್ತಡ, ಹರ್ನಿಯಾ, ಗ್ಲಾಕೋಮಾ ಇದ್ದವರಿಗೂ ಗರ್ಭಿಣಿಯರಿಗೂ ಅದು ಬೇಡ. ಉಸಿರು ಕಟ್ಟುವ ಕುಂಭಕವೂ ಅಷ್ಟೇ, ಗುರುವಿನ ಎದುರಿಗೆ. ಸಿಂಹ, ಆನೆ, ಹುಲಿಯನ್ನು ಪಳಗಿಸುವಂತೆ ಉಸಿರನ್ನೂ ಮೆಲ್ಲಮೆಲ್ಲಗೆ ಪಳಗಿಸಬೇಕು ಎನ್ನುತ್ತದೆ ಹಠಯೋಗಪ್ರದೀಪಿಕೆ. ಅವಸರ ಮಾಡಿದರೆ ಸಾಧಕನನ್ನೇ ಕೊಲ್ಲುತ್ತದಂತೆ. ಡೆಡ್‌ಲೈನ್ ಎನ್ನುವ ಪದ ಆಗಿನ್ನೂ ಹುಟ್ಟಿರಲಿಲ್ಲ.

ಪುರುಸೊತ್ತಿನ ವಿಷಯಕ್ಕೆ ಬಂದರೆ, ಅದು ಪ್ರತಿ ಮೀಟಿಂಗಿನ ಮೊದಲಲ್ಲೇ ಬಿದ್ದಿರುತ್ತದೆ. "ಹಲೋ, ನನ್ ವಾಯ್ಸ್ ಕೇಳಿಸ್ತಿದ್ಯಾ? ಸ್ಕ್ರೀನ್ ಕಾಣಿಸ್ತಿದ್ಯಾ? ಇನ್ನಿಬ್ರು ಜಾಯಿನ್ ಆಗ್ಲಿ, ಒಂದ್ನಿಮಿಷ." ಒಂದು ನಿಮಿಷಕ್ಕೆ ಆರು ಉಸಿರು. ಕ್ಯಾಮೆರಾ ಆಫ್ ಇದ್ದರೆ ಮೂಗನ್ನೂ ಹಿಡಿಯಬಹುದು. ಭ್ರಾಮರಿಗೆ ಮಾತ್ರ ಮ್ಯೂಟ್ ಆಗಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ.