ಗಾಳಿಗಿರಣಿ ಮೇಲೊಂದು ಲಾವಾ ಕೆರೆ

ಡಾರ್ಕ್ ಸೋಲ್ಸ್ ಅನ್ನುವ ವಿಡಿಯೋ ಗೇಮ್ ಆಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಮೊದಲ ಹತ್ತು ನಿಮಿಷ ಎಲ್ಲಾ ಚೆನ್ನಾಗಿರುತ್ತದೆ. ಯಾವ ಬಾಸ್ ಕೈಲಿ, ಅಂದರೆ ಯಾವ ದೊಡ್ಡ ಶತ್ರುವಿನ ಕೈಲಿ, ಎಷ್ಟು ಸಲ ಸತ್ತೆವು, ಯಾವ ಮೆಟ್ಟಿಲಿನಿಂದ ಜಾರಿ ಬಿದ್ದೆವು ಅಂತ ನಗುನಗುತ್ತಾ ಹೇಳಿಕೊಳ್ಳುತ್ತಾರೆ. ಆಮೇಲೆ ಒಬ್ಬರು ಸುಮ್ನೆ ಇರಲಾರದೆ "ನನಗೇನೋ ಎರಡನೇದೇ ಇಷ್ಟಪ್ಪ" ಅಂದುಬಿಡುತ್ತಾರೆ. ಅಲ್ಲಿಗೆ ಮುಗೀತು. ಒಬ್ಬರು ಮೂಗು ಮುರಿಯುತ್ತಾರೆ, ಇನ್ನೊಬ್ಬರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ, ಮತ್ತೊಬ್ಬರು "ಆ ಲಿಫ್ಟ್..." ಅಂತ ಶುರು ಮಾಡುತ್ತಾರೆ.

ಆ ಲಿಫ್ಟಿನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ಆಡದವರಿಗಾಗಿ ಎರಡು ಮಾತು. ಇದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಸರಣಿ. 2009ರಲ್ಲಿ ಡೀಮನ್ಸ್ ಸೋಲ್ಸ್ ಬಂತು, 2011ರಲ್ಲಿ ಡಾರ್ಕ್ ಸೋಲ್ಸ್. ಎರಡನ್ನೂ ನಿರ್ದೇಶಿಸಿದವರು ಹಿದೆತಾಕಾ ಮಿಯಾಝಾಕಿ. 2014ರ ಮಾರ್ಚ್‌ನಲ್ಲಿ ಡಾರ್ಕ್ ಸೋಲ್ಸ್ 2 ಬರುವ ಹೊತ್ತಿಗೆ ಅವರು ಬ್ಲಡ್‌ಬೋರ್ನ್ ಅನ್ನುವ ಬೇರೆ ಆಟದ ಕೆಲಸದಲ್ಲಿದ್ದರು. ಎರಡನೆಯದಕ್ಕೆ ನಿರ್ದೇಶಕರು ತೊಮೊಹಿರೊ ಶಿಬುಯಾ ಮತ್ತು ಯುಇ ತನಿಮುರಾ, ಮಿಯಾಝಾಕಿ ಹೆಸರು ಮೇಲ್ವಿಚಾರಕರ ಜಾಗದಲ್ಲಿತ್ತು. ವಿಮರ್ಶಕರು ಆಟವನ್ನು ಹೊಗಳಿದರು, ಅಂಕಗಳು ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲೇ ಇದ್ದವು. ಅಂದರೆ ಇದು ಸೋತ ಆಟವೇನೂ ಅಲ್ಲ. ಹೊರಗಿನವರು ಹೊಗಳಿದರು, ಕಿತ್ತಾಟವೆಲ್ಲ ಮನೆಯೊಳಗಿನವರದ್ದೇ.

ಈಗ ಲಿಫ್ಟ್. ಆಟದಲ್ಲಿ ಅರ್ದನ್ ಪೀಕ್ ಅಂತ ಒಂದು ಜಾಗ ಇದೆ. ವಿಷ ತುಂಬಿದ ಮಡಿಕೆಗಳು, ಕಿರುಗುಟ್ಟುವ ಹಲ್ಲುಚಕ್ರಗಳು, ಹೊರಗೆ ತಿರುಗುವ ದೊಡ್ಡ ಗಾಳಿಗಿರಣಿ. ಒಳಗೆ ಹತ್ತುತ್ತಾ ಹತ್ತುತ್ತಾ ಹೋಗಿ, ತನ್ನ ತಲೆಯನ್ನೇ ಕೈಯಲ್ಲಿ ಹಿಡಿದುಕೊಂಡ ಹಾವಿನ ಮೈಯ ರಾಣಿ ಮಿಥಾಳನ್ನು ಕೊಂದರೆ ಅದರಾಚೆ ಒಂದು ಲಿಫ್ಟ್ ಸಿಗುತ್ತದೆ. ನಿಂತುಕೊಂಡರೆ ಮೇಲಕ್ಕೆ ಹೋಗುತ್ತದೆ. ಮೇಲೆ ಏನಿರಬೇಕು? ಆಕಾಶ ಅಲ್ವಾ? ಹೊರಗಿನಿಂದ ನೋಡಿದಾಗ ಗಿರಣಿಯ ಮೇಲೆ ಬೇರೇನೂ ಇರಲಿಲ್ಲ. ಆದರೆ ಲಿಫ್ಟ್ ನಿಂತು ಹೊರಗೆ ಕಾಲಿಟ್ಟರೆ ಎದುರಿಗೆ ಲಾವಾದ ಕೆರೆ, ಅದರ ನಡುವೆ ಅರ್ಧ ಮುಳುಗಿದ ಐರನ್ ಕೀಪ್ ಕೋಟೆ. ಗಿರಣಿಯ ನೆತ್ತಿ ಮೇಲೆ ಒಂದು ಇಡೀ ಬೆಂಕಿಯ ಸೀಮೆ!

ಇದನ್ನು ಮೊದಲ ಆಟದ ಲಿಫ್ಟ್ ಜೊತೆ ಇಟ್ಟು ನೋಡಬೇಕು, ಆಗಲೇ ಸಿಟ್ಟು ಅರ್ಥವಾಗುವುದು. ಅಲ್ಲಿ ಮನೆಯಂತಿರುವ ಫೈರ್‌ಲಿಂಕ್ ಶ್ರೈನ್‌ನಿಂದ ಹೊರಟು, ಮೆಟ್ಟಿಲು ಹತ್ತಿ, ಸೇತುವೆ ಮೇಲೆ ಡ್ರ್ಯಾಗನ್ ಕೈಲಿ ಸುಟ್ಟುಕೊಂಡು, ಗಂಟೆಗಟ್ಟಲೆ ಒದ್ದಾಡಿ ಅನ್‌ಡೆಡ್ ಪ್ಯಾರಿಷ್‌ನ ಚರ್ಚಿಗೆ ಬರುತ್ತೀರಿ. ಮನೆ ಎಲ್ಲೋ ಲೋಕದ ಆ ತುದಿಯಲ್ಲಿ ಉಳಿದುಹೋಯಿತು ಅನಿಸುತ್ತಿರುತ್ತದೆ. ಚರ್ಚಿನೊಳಗೇ ಒಂದು ಲಿಫ್ಟ್. ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ, ಬಾಗಿಲಾಚೆ ನೋಡಿದರೆ ಮತ್ತದೇ ಫೈರ್‌ಲಿಂಕ್! ಇಷ್ಟು ಹೊತ್ತು ನೀವು ಮನೆಯ ತಲೆ ಮೇಲೇ ಓಡಾಡುತ್ತಿದ್ದಿರಿ. ಆ ಆಟದ ಅರ್ಧಭಾಗದವರೆಗೆ ವಿಶ್ರಾಂತಿಯ ತಾಣವಾದ ಒಂದು ಬೆಂಕಿಯಿಂದ ಇನ್ನೊಂದಕ್ಕೆ ಹಾರಿಹೋಗುವ ಸೌಲಭ್ಯವೇ ಇರುವುದಿಲ್ಲ, ಎಲ್ಲಾ ಕಾಲ್ನಡಿಗೆ. ಹಾಗಾಗಿ ಆ ಲೋಕದ ನಕ್ಷೆ ಕಾಲಿಗೇ ಬಾಯಿಪಾಠ ಆಗಿಬಿಡುತ್ತದೆ. ಟೂಂಬ್ ಆಫ್ ದ ಜೈಂಟ್ಸ್‌ನ ಕತ್ತಲಲ್ಲಿ ಒಂದು ಅಂಚಿಗೆ ಬಂದು ಇಣುಕಿದರೆ ದೂರದಲ್ಲಿ ಡೀಮನ್ ರೂಯಿನ್ಸ್‌ನ ಕೆಂಪು ಬೆಳಕು ಕಾಣುತ್ತದೆ. ಅದು ಬರೀ ಚಿತ್ರ ಅಲ್ಲ, ನಿಜವಾಗಿ ಅಲ್ಲೇ ಇರುವ ಜಾಗ.

ಮೊದಲ ಆಟವನ್ನು ಈ ಕಾರಣಕ್ಕೆ ತಲೆ ಮೇಲೆ ಹೊತ್ತುಕೊಂಡವರಿಗೆ ಗಿರಣಿಯ ಲಿಫ್ಟ್ ಬರೀ ಒಂದು ತಪ್ಪಲ್ಲ. ತಮ್ಮ ನಂಬಿಕೆಗೆ ಹೊಡೆದ ಹಾಗೆ. "ಒಂದು ಲಿಫ್ಟ್‌ಗೆ ಇಷ್ಟೊಂದಾ?" ಅಂತ ಕೇಳುವವರು ಆ ಆಟವನ್ನು ಬೇರೆ ಕಾರಣಕ್ಕೆ ಪ್ರೀತಿಸಿದವರು. ಜಗಳದ ಬುಡ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಎರಡನೆಯದು ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ನೆಪ. ಮೊದಲನೆಯದು ಯಾಕೆ ಚೆನ್ನಾಗಿತ್ತು ಅನ್ನುವುದರಲ್ಲೇ ಇವರು ಯಾವತ್ತೂ ಒಪ್ಪಿರಲಿಲ್ಲ. ಮೂರು ವರ್ಷ ಒಂದೇ ಆಟವನ್ನು ಹೊಗಳುತ್ತಾ ಕೂತಿದ್ದರಿಂದ ಯಾರಿಗೂ ಅದು ಗೊತ್ತಾಗಲಿಲ್ಲ, ಅಷ್ಟೆ.

ಲಿಫ್ಟಿಗೆ ಸಮರ್ಥನೆಯೂ ಇದೆ, ಜಾಣತನದ್ದೇ. ಈ ಆಟದ ನಾಯಕನಿಗೆ ಶಾಪ ತಗುಲಿದೆ, ನೆನಪು ಕರಗುತ್ತಾ ಹೋಗುತ್ತದೆ. ಶುರುವಿನಲ್ಲೇ ಮುದುಕಿಯರು ಅದನ್ನು ಹೇಳಿ ನಗುತ್ತಾರೆ. ಹಾಗಾಗಿ ಎರಡು ಜಾಗದ ನಡುವಿನ ದೂರದ ದಾರಿಯನ್ನು ಅವನು ಮರೆತಿದ್ದಾನೆ, ನಮಗೆ ಕಾಣುವುದು ನೆನಪಿನಲ್ಲಿ ಉಳಿದ ತುಣುಕುಗಳು ಮಾತ್ರ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆಟ ತಯಾರಾಗುತ್ತಿದ್ದಾಗ ನಡುವೆ ಯೋಜನೆಯೇ ಹಳಿ ತಪ್ಪಿತ್ತು, ಆಗಲೇ ಮಾಡಿಟ್ಟಿದ್ದ ಜಾಗಗಳನ್ನು ಹೊಸದಾಗಿ ಜೋಡಿಸಿ ಕಥೆ ಹೊಂದಿಸಬೇಕಾಯಿತು ಅಂತ ತನಿಮುರಾ ಅವರೇ ಹೇಳಿಕೊಂಡಿದ್ದಾರೆ. ನನ್ನ ಪ್ರಕಾರ ಅದು ಹೊಲಿಗೆ ಕಾಣುವ ಜಾಗ. ಮರೆವಿನ ಮಾತು ಆಮೇಲೆ ಅಭಿಮಾನಿಗಳು ಪ್ರೀತಿಯಿಂದ ಹಾಕಿದ ತೇಪೆ. ತೇಪೆ ಚೆನ್ನಾಗೇ ಕೂತಿದೆ, ಅದು ಬೇರೆ ಮಾತು.

ಇನ್ನೊಂದು ಕಡೆಯವರನ್ನು ನೋಡಿ. ಅವರಿಗೆ ಸೋಲ್ಸ್ ಅಂದರೆ ಜಾಗ ಅಲ್ಲ, ಕೈಯಲ್ಲಿರುವ ಆಯುಧ. ಬಿಲ್ಡ್, ಅಂದರೆ ಆಯುಧ ಮತ್ತು ಸಾಮರ್ಥ್ಯಗಳ ಜೋಡಣೆ, ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಅವರಿಗೆ ಎರಡನೆಯದು ಹಬ್ಬ. ಎರಡು ಕೈಯಲ್ಲಿ ಎರಡು ಆಯುಧ ಹಿಡಿದು ಒಟ್ಟಿಗೇ ಬೀಸುವ ಪವರ್ ಸ್ಟಾನ್ಸ್ ಬಂದಿದ್ದು ಇದರಲ್ಲಿ. ಸಾಮರ್ಥ್ಯ ಏರಿಸಲು ಹಾಕಿದ ಲೆವೆಲ್‌ಗಳನ್ನೆಲ್ಲ ವಾಪಸ್ ಪಡೆದು ಬೇರೆ ಕಡೆ ಹಂಚುವ ಅವಕಾಶ ಬಂದಿದ್ದು ಇದರಲ್ಲಿ. ಆಟ ಮುಗಿಸಿ ಎರಡನೇ ಸುತ್ತು ಶುರು ಮಾಡಿದರೆ ಅವೇ ಶತ್ರುಗಳು ಬರೀ ಗಟ್ಟಿಯಾಗಿ ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಖಾಲಿ ಇದ್ದ ಮೂಲೆಯಿಂದ ಕೆಂಪು ಮೈಯವನೊಬ್ಬ ಎದ್ದು ಬರುತ್ತಾನೆ. ಬಾನ್‌ಫೈರ್ ಅಸೆಟಿಕ್ ಅನ್ನುವ ಒಂದು ವಸ್ತುವನ್ನು ಬೆಂಕಿಗೆ ಹಾಕಿದರೆ ಆ ಒಂದು ಪ್ರದೇಶ ಮಾತ್ರ ಮುಂದಿನ ಸುತ್ತಿನ ಕಷ್ಟಕ್ಕೆ ಏರುತ್ತದೆ, ಸತ್ತ ಬಾಸ್ ಮತ್ತೆ ಬರುತ್ತಾನೆ. ಇಷ್ಟೆಲ್ಲ ಇದ್ದಮೇಲೆ ಗಿರಣಿಯ ಮೇಲೆ ಲಾವಾ ಇದ್ದರೇನು, ಸಮುದ್ರ ಇದ್ದರೇನು!

ಇವರಿಬ್ಬರೂ ಕೂತು ಮಾತಾಡಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಆದರೆ ಆಯುಧದ ಕಡೆಯವರೂ ತಡವರಿಸುವ ಒಂದು ವಿಷಯ ಇದೆ: ಅಡಾಪ್ಟಬಿಲಿಟಿ. ಈ ಆಟಗಳಲ್ಲಿ ಜೀವ ಉಳಿಯುವುದು ರೋಲ್‌ನಿಂದ. ಕತ್ತಿ ಬೀಸಿ ಬರುವಾಗ ಸರಿಯಾದ ಗಳಿಗೆಗೆ ಉರುಳಿದರೆ, ಆ ಉರುಳುವಿಕೆಯ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಮಗೆ ಏನೂ ತಾಗುವುದಿಲ್ಲ. ಮೊದಲ ಆಟದಲ್ಲಿ ಅದು ಮೈ ಮೇಲಿನ ಭಾರಕ್ಕೆ ತಕ್ಕಂತೆ ಬರುತ್ತಿತ್ತು. ಎರಡನೆಯದರಲ್ಲಿ ಅದನ್ನು ಲೆವೆಲ್ ಹಾಕಿ ಕೊಂಡುಕೊಳ್ಳಬೇಕು! ಅಡಾಪ್ಟಬಿಲಿಟಿ ಏರಿಸಿದರೆ ಅಜಿಲಿಟಿ ಏರುತ್ತದೆ, ಅಜಿಲಿಟಿ ಏರಿದರೆ ಆ ರಕ್ಷಣೆಯ ಗಳಿಗೆ ಉದ್ದವಾಗುತ್ತದೆ, ಗಾಯ ವಾಸಿ ಮಾಡುವ ಎಸ್ಟಸ್ ಕುಡಿಯುವ ವೇಗವೂ ಹೆಚ್ಚುತ್ತದೆ. ಆಟ ಇದನ್ನು ಬಿಡಿಸಿ ಹೇಳುವುದೇ ಇಲ್ಲ. ಹೊಸಬರು ಶಕ್ತಿ, ಆಯಸ್ಸು ಅಂತ ಲೆವೆಲ್ ಸುರಿಯುತ್ತಾರೆ, ಸರಿಯಾಗಿ ಉರುಳಿದರೂ ಪೆಟ್ಟು ತಿನ್ನುತ್ತಾರೆ, ಕತ್ತಿ ಎಲ್ಲೋ ಇತ್ತು ನಾನು ಎಲ್ಲೋ ಇದ್ದೆ ಅಂತ ಕಂಟ್ರೋಲರ್ ಎಸೆಯುತ್ತಾರೆ. ಗೊತ್ತಿದ್ದವರು ಶುರುವಿನಲ್ಲೇ ಅಜಿಲಿಟಿಯನ್ನು 105ರ ಹತ್ತಿರ ತಂದು ಆರಾಮಾಗಿ ಆಡುತ್ತಾರೆ. ಈ ಇಬ್ಬರೂ ಆಡಿದ್ದು ಒಂದೇ ಆಟ ಅಂತ ಹೇಳುವುದು ಕಷ್ಟ. ಒಬ್ಬರಿಗೆ ಅನ್ಯಾಯ ಅನಿಸಿದ್ದು ಇನ್ನೊಬ್ಬರ ಅನುಭವಕ್ಕೇ ಬಂದಿಲ್ಲ.

ಒಂದೇ ಆಟ ಅಲ್ಲ ಅನ್ನುವುದು ಅಕ್ಷರಶಃ ನಿಜ ಕೂಡ. 2015ರಲ್ಲಿ ಸ್ಕಾಲರ್ ಆಫ್ ದ ಫಸ್ಟ್ ಸಿನ್ ಅಂತ ಹೊಸ ಆವೃತ್ತಿ ಬಂತು. ಜಾಗಗಳೇನೋ ಅವೇ, ಆದರೆ ಶತ್ರುಗಳನ್ನು ಎತ್ತಿ ಬೇರೆ ಬೇರೆ ಕಡೆ ಇಟ್ಟಿದ್ದಾರೆ. ಹೈಡ್ಸ್ ಟವರ್‌ನಲ್ಲಿ ಮೊದಲು ಇಲ್ಲದ ಡ್ರ್ಯಾಗನ್ ಒಂದು ದಾರಿಗೆ ಅಡ್ಡ ಕೂತಿದೆ. ಹಾಗಾಗಿ "ಹೈಡ್ಸ್ ಟವರ್ ಸುಲಭ" ಅನ್ನುವವರೂ "ಸಾಕಪ್ಪಾ ಸಾಕು" ಅನ್ನುವವರೂ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಜಗಳ ಶುರು ಮಾಡುವ ಮೊದಲು "ನೀವು ಆಡಿದ್ದು ಯಾವುದು?" ಅಂತ ಕೇಳಿದರೆ ಅರ್ಧ ಮಾತು ಉಳಿಯುತ್ತದೆ. ಯಾರೂ ಕೇಳುವುದಿಲ್ಲ.

ಶತ್ರುಗಳು ಗುಂಪುಗುಂಪಾಗಿ ಮೇಲೆ ಬೀಳುತ್ತಾರೆ ಅನ್ನುವ ದೂರು ಮಾತ್ರ ಎರಡೂ ಆವೃತ್ತಿಗೆ ಅನ್ವಯಿಸುತ್ತದೆ. ಮತ್ತೆ ಐರನ್ ಕೀಪ್‌ಗೇ ಬನ್ನಿ. ಅಲ್ಲಿನ ಬಾಸ್ ಸ್ಮೆಲ್ಟರ್ ಡೀಮನ್ ಕೈಲಿ ಸತ್ತು ವಾಪಸ್ ಅವನ ಹತ್ತಿರ ಹೋಗಬೇಕು. ಅಲೊನ್ ನೈಟ್‌ಗಳು ಉದ್ದ ಕತ್ತಿ ಹಿಡಿದು ನಿಂತಿದ್ದಾರೆ. ಒಬ್ಬನನ್ನು ಕೆಣಕಿದರೆ ಇನ್ನೊಬ್ಬ ತಿರುಗುತ್ತಾನೆ, ಅವನ ಹಿಂದೆ ಮತ್ತೊಬ್ಬ, ಅಷ್ಟರಲ್ಲಿ ಎಲ್ಲಿಂದಲೋ ಬೆನ್ನಿಗೊಂದು ಬಾಣ. ಓಡಿಹೋದರೆ ಎಲ್ಲರೂ ಹಿಂದೆ ಬರುತ್ತಾರೆ, ಬಾಸ್ ಇರುವ ಕಡೆಯ ಮಂಜಿನ ಬಾಗಿಲು ದಾಟುವಾಗ ಹಿಂದಿನಿಂದ ಒಂದು ಏಟು ಬಿದ್ದರೆ ಮುಗೀತು. ಇದು ಸುಮ್ನೆ ಜನ ತುಂಬಿಸಿ ಕಷ್ಟ ಮಾಡಿದ್ದು, ಇದರಲ್ಲಿ ಏನು ಕಲೆ ಇದೆ ಅನ್ನುತ್ತಾರೆ ಬೈಯುವವರು. ಓಡಲು ಹೋದದ್ದೇ ನಿನ್ನ ತಪ್ಪು, ಬಿಲ್ಲು ತೆಗೆದು ಒಬ್ಬೊಬ್ಬರನ್ನೇ ಕರೆದು ಮುಗಿಸು, ಒಬ್ಬನನ್ನೇ ಹತ್ತು-ಹದಿನೈದು ಸಲ ಕೊಂದರೆ ಅವನು ಮತ್ತೆ ಬರುವುದೂ ಇಲ್ಲ ಅನ್ನುತ್ತಾರೆ ಇನ್ನೊಂದು ಕಡೆಯವರು. ಇಲ್ಲಿ ನಾನು ಬೈಯುವವರ ಕಡೆ. ಶತ್ರು ಬೇಜಾರಾಗಿ ಬರುವುದು ನಿಲ್ಲಿಸುವವರೆಗೆ ಕೊಲ್ಲುವುದು ಆಟವಲ್ಲ, ನೌಕರಿ.

ಆದರೆ ಬೈಯುವವರ ನ್ಯಾಯವೂ ಒಂದೇ ಸಮ ಇರುವುದಿಲ್ಲ. ಸತ್ತಾಗಲೆಲ್ಲ ಆಯಸ್ಸಿನ ಪಟ್ಟಿ ಕಡಿಮೆಯಾಗುತ್ತಾ ಅರ್ಧಕ್ಕೆ ಬರುತ್ತದೆ ಅನ್ನುವುದು ಎರಡನೆಯದರ ಮೇಲಿನ ದೊಡ್ಡ ದೂರು. ಡೀಮನ್ಸ್ ಸೋಲ್ಸ್‌ನಲ್ಲಿ ಒಂದೇ ಸಲ ಸತ್ತರೆ ನೇರ ಅರ್ಧಕ್ಕೆ ಇಳಿಯುತ್ತಿತ್ತು, ಅದನ್ನು "ಗಾಂಭೀರ್ಯ" ಅಂತಾರೆ! ಐರನ್ ಕೀಪ್‌ನ ಲಾವಾ ನೋಡಿ ನಗುವವರು ಮೊದಲ ಆಟದ ಲಾಸ್ಟ್ ಇಝಲಿತ್‌ನ ಲಾವಾ ಬಂದರೆ ಮಾತು ಬದಲಿಸುತ್ತಾರೆ. ಅಲ್ಲಿ ಡ್ರ್ಯಾಗನ್‌ಗಳ ಬರೀ ಸೊಂಟದ ಕೆಳಗಿನ ಭಾಗ ಹಿಂಡುಹಿಂಡಾಗಿ ನಿಂತಿದೆ, ಮುಂದೆ ಬೆಡ್ ಆಫ್ ಕೇಯಾಸ್ ಅನ್ನುವ ಬಾಸ್ ನೆಲವನ್ನೇ ಕುಸಿಸಿ ಕೊಲ್ಲುತ್ತದೆ. ಪ್ರೀತಿ ಇರುವ ಕಡೆ ಇದೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಮೊದಲು ಯಾವುದನ್ನು ಆಡಿದೆವೋ ಅದಕ್ಕೆ ರಿಯಾಯಿತಿ ಜಾಸ್ತಿ. 2014ರಲ್ಲಿ ಎರಡನೆಯದರಿಂದಲೇ ಈ ಸರಣಿಗೆ ಬಂದವರನ್ನು ಮಾತಾಡಿಸಿ ನೋಡಿ. ಆ ಆಟದ ಮನೆಯಾದ ಮಜೂಲಾದ ಸಂಜೆ ಬಿಸಿಲು, ಸಮುದ್ರದ ಸದ್ದು ಅಂದರೆ ಅವರ ದನಿಯೇ ಮೆತ್ತಗಾಗುತ್ತದೆ, ಫೈರ್‌ಲಿಂಕ್ ಅವರಿಗೆ ಒಂದಿಷ್ಟು ಮುರಿದ ಗೋಡೆ.

ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದ್ದು ಬಿಲ್ಡೂ ಅಲ್ಲ, ಬಿಸಿಲೂ ಅಲ್ಲ. ಲೂಕಾಟಿಯಲ್ ಅನ್ನುವ ಒಬ್ಬಳು ಇದ್ದಾಳೆ. ಮುಖವಾಡ, ದೊಡ್ಡ ಟೋಪಿ. ಮೊದಲ ಸಲ ಸಿಕ್ಕಾಗ ಗತ್ತಿನಲ್ಲಿ ಮಾತಾಡುತ್ತಾಳೆ, ತಾನು ಮಿರಾ ದೇಶದವಳು ಅಂತ ಹೇಳಿಕೊಳ್ಳುತ್ತಾಳೆ. ಆಮೇಲೆ ಒಂದೊಂದು ಸಲ ಸಿಕ್ಕಾಗಲೂ ಅವಳ ಮಾತು ಸ್ವಲ್ಪ ಸ್ವಲ್ಪ ಸವೆದಿರುತ್ತದೆ, ಅಣ್ಣನನ್ನು ಹುಡುಕಿಕೊಂಡು ಬಂದವಳಿಗೆ ಎಲ್ಲವೂ ಜಾರಿಹೋಗುತ್ತಿರುತ್ತದೆ. ಕೊನೆಗೆ ತನ್ನ ಹೆಸರು ಹೇಳಿ, ಇದನ್ನು ನೀನಾದರೂ ನೆನಪಿಟ್ಟುಕೋ ಅಂತ ಬೇಡುತ್ತಾಳೆ, ಯಾಕೆಂದರೆ ತನಗೇ ಅದು ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತು. ಇನ್ನು ಇಡೀ ಆಟ ಹುಡುಕಿಸಿದ ರಾಜ ವೆಂಡ್ರಿಕ್, ಸಿಂಹಾಸನದಲ್ಲಿ ಇರುವುದಿಲ್ಲ. ಬಟ್ಟೆ, ಉಂಗುರ ಒಂದು ಕಡೆ ಬಿದ್ದಿದೆ, ಅವನು ಸಮಾಧಿಯೊಳಗೆ ಬರಿಮೈಯಲ್ಲಿ ಕತ್ತಿ ಎಳೆದುಕೊಂಡು ಸುತ್ತು ಹಾಕುತ್ತಿದ್ದಾನೆ. ನೀವು ಹೋಗಿ ನಿಂತರೂ ಅವನಿಗೆ ಪರಿವೆಯಿಲ್ಲ. ನೀವಾಗಿಯೇ ಹೊಡೆಯಬೇಕು. ಇಡೀ ಸರಣಿಯಲ್ಲಿ ಇಷ್ಟು ಬೇಜಾರು ತರಿಸಿದ ರಾಜ ಇನ್ನೊಬ್ಬನಿಲ್ಲ.

ಅದೇ ಕಂಪನಿಯ ಎಲ್ಡನ್ ರಿಂಗ್ 2022ರಲ್ಲಿ ಬಂದಮೇಲೆ ಜಗಳದ ಬಣ್ಣ ಸ್ವಲ್ಪ ಬದಲಾಯಿತು. ಪವರ್ ಸ್ಟಾನ್ಸ್ ವಾಪಸ್ ಬಂತು, ಜನ ಕುಣಿದಾಡಿದರು. ಲೆವೆಲ್ ಬದಲಿಸುವ ಸೌಲಭ್ಯ, ಶುರುವಿನಿಂದಲೇ ಜಾಗದಿಂದ ಜಾಗಕ್ಕೆ ಹಾರುವುದು, ಎಲ್ಲಾ ಇತ್ತು. ನಿರ್ದೇಶಕರ ಜಾಗದಲ್ಲಿ ಮಿಯಾಝಾಕಿ ಜೊತೆ ಅದೇ ತನಿಮುರಾ ಹೆಸರು. ಎರಡನೆಯದರ ಅಭಿಮಾನಿಗಳು "ಈಗೇನಂತೀರಿ?" ಅಂತ ಎದೆಯುಬ್ಬಿಸಿದರು. ಈ ತಿರುವು ಬೇರೆ ಸರಣಿಗಳಲ್ಲೂ ನೋಡಿದ್ದೇವೆ. ಝೆಲ್ಡಾದ ವಿಂಡ್ ವೇಕರ್ ಮೊದಲು ತನ್ನ ಕಾರ್ಟೂನ್ ಮುಖ ತೋರಿಸಿದಾಗ ಬೈದವರೆಷ್ಟೋ, ಇವತ್ತು ಅದರ ಚಿತ್ರ ಹಳತಾಗಿಲ್ಲ ಅಂತ ಹೊಗಳುವವರಲ್ಲಿ ಅವರೂ ಇದ್ದಾರೆ. ಆದರೆ ಎಲ್ಡನ್ ರಿಂಗ್ ಯಾರ ಮನಸ್ಸನ್ನೂ ಪೂರ್ತಿ ಬದಲಿಸಿದಂತೆ ಕಾಣುವುದಿಲ್ಲ. ಅದರಲ್ಲಿ ಇಷ್ಟವಾಗದ ಬಾಸ್ ಸಿಕ್ಕರೆ "ಇದು ಎರಡನೆಯದರಿಂದ ಬಂದ ಚಟ" ಅನ್ನುತ್ತಾರೆ, ಇಷ್ಟವಾದದ್ದೆಲ್ಲ ಮೊದಲನೆಯದರ ಖಾತೆಗೆ ಜಮಾ.

ಎರಡೂ ಕಡೆಯವರು ಒಪ್ಪುವ ಜಾಗ ಒಂದೇ ಒಂದು ಇದೆ: ಎರಡನೆಯದಕ್ಕೆ ಆಮೇಲೆ ಸೇರಿಸಿದ ಭಾಗಗಳಲ್ಲಿ (ಡಿಎಲ್‌ಸಿ) ಕೊನೆಯದರ ಫ್ರಿಜಿಡ್ ಔಟ್‌ಸ್ಕರ್ಟ್ಸ್. ಹಿಮಗಾಳಿ ಎದ್ದರೆ ಮೂರು ಹೆಜ್ಜೆ ಮುಂದೆ ಏನೂ ಕಾಣುವುದಿಲ್ಲ. ಆ ಬಿಳುಪಿನಿಂದ ಕೊಂಬಿನ ಕುದುರೆಯಂಥ ಪ್ರಾಣಿಗಳು ನುಗ್ಗಿ ಬರುತ್ತವೆ, ಒಂದನ್ನು ಕೊಲ್ಲುವಷ್ಟರಲ್ಲಿ ಇನ್ನೊಂದು. ಹೇಗೋ ದಾಟಿ ಹೋದರೆ ಕೊನೆಯಲ್ಲಿ ಬಾಸ್ ಅಂತ ಇರುವುದು ಈಗಾಗಲೇ ಒಮ್ಮೆ ಕೊಂದಿದ್ದ ಹುಲಿಯ ರೂಪವೇ, ಈ ಸಲ ಎರಡು. ಸತ್ತರೆ ಮತ್ತೆ ಅದೇ ಹಿಮ, ಅವೇ ಕುದುರೆ. ಲಿಫ್ಟಿಗೆ ಕಾರಣ ಹುಡುಕಿದವರು, ಅಡಾಪ್ಟಬಿಲಿಟಿಗೆ ವಾದ ಹೂಡಿದವರು, ಐರನ್ ಕೀಪ್‌ನಲ್ಲಿ ತಾಳ್ಮೆಯ ಪಾಠ ಹೇಳಿದವರು, ಇದರ ಹೆಸರು ಎತ್ತಿದರೆ ಮಾತ್ರ ಕೈ ಮುಗಿದುಬಿಡುತ್ತಾರೆ.