ಪೈಪಿನ ಸೊಂಟಕ್ಕೆ ಕೇಬಲ್ ಟೈ

ನಿನ್ನೆ ತಾನೇ ಒರೆಸಿ ಫಳಫಳ ಮಾಡಿದ ಬೈಕ್ ಇಂಜಿನ್ನಿನ ತಳದಲ್ಲಿ ಇವತ್ತು ಮತ್ತೆ ಆಯಿಲ್ ಜಿನುಗು. ಪ್ಯಾಕಿಂಗ್ ಹೊಸದು, ಆಯಿಲ್ ಸೀಲ್ ಹೊಸದು, ಬೋಲ್ಟುಗಳಿಗೆ ಇನ್ನೊಂದು ಸುತ್ತು ಬಿಗಿಯೂ ಆಯ್ತು. ಎಲ್ಲರ ಮೇಲೂ ಅನುಮಾನಪಟ್ಟು ಮುಗಿದರೂ ಪಕ್ಕದಲ್ಲಿ ಜೋತುಬಿದ್ದ ಕಪ್ಪು ಬ್ರೀದರ್ ಪೈಪನ್ನು, ಅಂದರೆ ಇಂಜಿನ್ ಒಳಗಿನ ಗಾಳಿಯನ್ನು ಹೊರಗೆ ಬಿಡುವ ಕೊಳವೆಯನ್ನು, ಯಾರೂ ಮುಟ್ಟುವುದಿಲ್ಲ. ನೋಡಲು ಅಷ್ಟು ಸಾಧು.

500 ಸಿಸಿಯ ಒಂಟಿ ಸಿಲಿಂಡರ್ ಇಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿದರೆ ಅದರ ಕೆಳಗಿದ್ದ ಅರ್ಧ ಲೀಟರ್ ಗಾಳಿಗೆ ಜಾಗ ಇಲ್ಲದಾಗುತ್ತದೆ. 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ ಇದೇ ನೂಕಾಟ. ಸಾಲದ್ದಕ್ಕೆ ಪಿಸ್ಟನ್ ರಿಂಗುಗಳ ಸಂದಿಯಿಂದ ಸೋರಿ ಬಂದ ಹೊಗೆ ಬೇರೆ. ಎರಡೂ ಪಿಸ್ಟನ್ ಜೊತೆಜೊತೆಗೇ ಏರಿಳಿಯುವ 360 ಡಿಗ್ರಿ ಟ್ವಿನ್ (ಜೋಡಿ ಸಿಲಿಂಡರ್ ಇಂಜಿನ್) ಆದರಂತೂ ಒಂದರ ಗಾಳಿಗೆ ಇನ್ನೊಂದು ಜಾಗ ಬಿಡುವ ಮಾತೇ ಇಲ್ಲ. ಈ ಗಾಳಿಗಿರುವ ಪೈಪಿನ ದಾರಿ ಮುಚ್ಚಿದರೆ ಒತ್ತಡ ಸುಮ್ಮನಿರುತ್ತದೆಯೇ? ಎಲ್ಲಿ ಸೀಲ್ ಬಡವಾಗಿದೆಯೋ ಅಲ್ಲಿಂದ ಆಯಿಲ್ ಸಮೇತ ಹೊರಗೆ.

ದಾರಿ ಮುಚ್ಚುವವರು ಯಾರು ಅಂದರೆ, ಕೇಬಲ್ ಟೈ ಮಹಾಶಯರು. ಪ್ರತಿ ಗ್ಯಾರೇಜಿನಲ್ಲೂ ಒಬ್ಬರಿರುತ್ತಾರೆ. ಪೈಪನ್ನು ಫ್ರೇಮಿಗೆ ಒತ್ತಿ, ಪ್ಲಾಸ್ಟಿಕ್ ಟೈ ಸುತ್ತಿ, ಕಿರ್ರ್ ಅಂತ ಎಳೆಯುತ್ತಾರೆ. ಸಾಕು ಅಂದರೆ ಇನ್ನೊಂದು ಕಿರ್ರ್. ಕೈಗೆ ಸಾಲದೆ ಪಕ್ಕಡ್ ತಂದು ಮೂರನೆಯದು. ಪೈಪಿನ ಸೊಂಟ ಇರುವೆಯದಾದ ಮೇಲೆ ಬಾಲ ಕತ್ತರಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ಇನ್ನು ಅಲ್ಲಾಡಲ್ಲ ಬಿಡಿ ಸಾರ್!" ಅನ್ನುತ್ತಾರೆ. ಅಲ್ಲಾಡುವುದಿಲ್ಲ, ನಿಜ, ಉಸಿರಾಡುವುದೂ ಇಲ್ಲ. ಪೈಪನ್ನು ಹಿಚುಕದೆ ಹಿಡಿಯುವ, ಇಂಗ್ಲಿಷಿನ P ಆಕಾರದ ಸಡಿಲವಾದ ಪಿ ಕ್ಲಿಪ್ ಎರಡು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಎಳೆದರೆ ಕಿರ್ರ್ ಅನ್ನುವುದಿಲ್ಲವಲ್ಲ!

ಪೈಪು ಆರಿಸುವುದರಲ್ಲೂ ಇದೇ ಉಡಾಫೆ. ಇಂಜಿನ್ನಿನ ಬ್ರೀದರ್ ಮೂತಿ 12 ಮಿ.ಮೀ. ಇದ್ದರೆ ಪೈಪಿನ ಒಳವ್ಯಾಸವೂ ಅಷ್ಟೇ ಇರಬೇಕು, ನಡುವೆ ಎಲ್ಲೂ ಕಿರಿದಾಗಬಾರದು. ಆಯಿಲ್ ತಡೆಯುವ ನೈಟ್ರೈಲ್ ರಬ್ಬರ್ ಆಗಬೇಕು. ಮೀನಿನ ತೊಟ್ಟಿಯ ಪಾರದರ್ಶಕ ಪೈಪು ಬಿಸಿಗೆ ಮೆತ್ತಗಾಗಿ ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಆಮೇಲೆ ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತದೆ. ಇಂಜಿನ್ನಿನಿಂದ ಹೊರಟ ಪೈಪು ಮೊದಲು ಮೇಲಕ್ಕೇರಬೇಕು. ಆಗ ಮಂಜಿನಂತೆ ಬಂದ ಆಯಿಲ್ ಗೋಡೆಗೆ ಹನಿಗಟ್ಟಿ ತಾನಾಗಿ ವಾಪಸ್ ಇಳಿಯುತ್ತದೆ. ಅಲ್ಲಿಂದಾಚೆ ಬಾಯಿಯ ತನಕ ಒಂದೇ ಇಳಿಜಾರು. ನಡುವೆ ಜೋಕಾಲಿಯ ಹಾಗೆ ಜೋತುಬಿದ್ದರೆ ಅಲ್ಲಿ ನೀರೂ ಆಯಿಲೂ ಕಲೆತು ಬಿಳಿ ಕೆನೆ ಕಟ್ಟಿ ಬಿರಡೆಯಾಗುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗುವಷ್ಟರಲ್ಲಿ ಸವಾರಿ ಮುಗಿಸುವವರಿಗೆ ಈ ಕೆನೆ ಧಾರಾಳ. ಚಳಿ ಪ್ರದೇಶದಲ್ಲಿ ಅದೇ ಹೆಪ್ಪುಗಟ್ಟುತ್ತದೆ. ಸಣ್ಣ ವಿಮಾನಗಳ ಬ್ರೀದರ್ ಪೈಪಿನಲ್ಲಿ ಬಾಯಿ ಹೆಪ್ಪುಗಟ್ಟಿದರೂ ಉಸಿರು ನಿಲ್ಲದಿರಲೆಂದು ಸ್ವಲ್ಪ ಒಳಗಡೆ ಒಂದು ಸೀಳು ಬಿಟ್ಟಿರುತ್ತಾರೆ. ಅಲ್ಲಿ ಕೇಬಲ್ ಟೈ ಮಹಾಶಯರನ್ನು ಹತ್ತಿರ ಬಿಡುವುದಿಲ್ಲವೆಂದು ಕಾಣುತ್ತದೆ.

ಸೈಲೆನ್ಸರಿನಿಂದ ದೂರ, ಚೈನಿನಿಂದ ದೂರ. ಹಿಂದಿನ ಚಕ್ರವನ್ನು ಹಿಡಿದ ಸ್ವಿಂಗ್ ಆರ್ಮ್ ಏರಿಳಿದಾಗ ಎಳೆತ ಬೀಳದಷ್ಟು ಉದ್ದ. ಬಾಯಿಯನ್ನು ಓರೆಯಾಗಿ ಕತ್ತರಿಸಿ ಹಿಂದಿನ ಟೈರಿನ ಆಚೆಗೆ ತಿರುಗಿಸಿ. ಟೈರಿಗೆ ಆಯಿಲ್ ಹನಿದರೆ ಮೊದಲ ತಿರುವಿನಲ್ಲೇ ಬುದ್ಧಿ ಬರುತ್ತದೆ. ಪೈಪು ಮೊದಲಿನಿಂದಲೂ ಏರ್ ಫಿಲ್ಟರ್ ಬಾಕ್ಸಿಗೆ ಹೋಗುತ್ತಿದ್ದರೆ ಅದನ್ನು ಕಿತ್ತು ಹೊರಗೆ ಬಿಡುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಅಂಥ ಬೈಕಿನಲ್ಲಿ ಹಳೆಯ ದಾರಿಯನ್ನೇ ಸರಿಮಾಡಿ.

ಹಳೆಯ ಕೆಲವು ಬೈಕುಗಳಲ್ಲಿ ಬ್ರೀದರಿನ ಬಾಯಿ ಚೈನಿನ ಕಡೆಗೇ ಇರುತ್ತಿತ್ತು. ಇಂಜಿನ್ ಉಸಿರು ಬಿಟ್ಟಾಗಲೆಲ್ಲ ಚೈನಿಗೊಂದು ಹನಿ. ಇವತ್ತು ನೆಲ ಕೊಳಕು ಮಾಡಿ ಬೈಸಿಕೊಳ್ಳುವ ಜಿನುಗಿಗೆ ಆಗ ಒಂದು ಉದ್ಯೋಗವಿತ್ತು, ಪಾಪ.

ಇರಲಿ, ಟೈ ಕತ್ತರಿಸಿ. ಹಳೆಯ ಪೈಪಾದರೆ ಬಿಟ್ಟ ಮೇಲೂ ಚಪ್ಪಟೆಯಾಗಿಯೇ ಇರುತ್ತದೆ, ಬದಲಾಯಿಸದೆ ಗತಿಯಿಲ್ಲ. ಹೊಸದನ್ನು ತರುವಷ್ಟರಲ್ಲಿ ಮಹಾಶಯರು ಕ್ಲಚ್ ಕೇಬಲ್ಲಿಗೆ ಒಂದು ಟೈ ಸುತ್ತಿ ಪಕ್ಕಡ್ ಹುಡುಕುತ್ತಿರುತ್ತಾರೆ.