ಗದ್ದೆಯಲ್ಲಿ ಗೂಡುದೀಪ, ಆರೂವರೆಯ ಆಕಾಶ

ಹೋದ ದೀಪಾವಳಿಗೆ ಉಡುಪಿಯ ನಮ್ಮ ಮನೆ ಎದುರಿನ ಬೈಲಿನಲ್ಲಿ ಹದಿನೈದು ಗೂಡುದೀಪ ಕಟ್ಟಿದ್ದೆವು. ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದು, ಸುಗ್ಗಿ ಬೆಳೆಗೆ ಉತ್ತು ನೀರು ನಿಲ್ಲಿಸಿದ ಗದ್ದೆ. ಹುಣಿಯ (ಗದ್ದೆ ಬದುವಿನ) ಉದ್ದಕ್ಕೂ ಬಿದಿರ ಕೋಲು ಊರಿ ಒಂದೊಂದಕ್ಕೆ ಒಂದೊಂದು ಗೂಡು. ಫೋಟೊ ನೋಡಿದವರೆಲ್ಲ ಯಾವ ಕ್ಯಾಮೆರಾ ಎಂದು ಕೇಳಿದರು. ಅದು ಕ್ಯಾಮೆರಾದ ಗುಣವಲ್ಲ, ಹೊತ್ತಿನ ಗುಣ.

ಮೊದಲ ದಿನ ರಾತ್ರಿ ಎಂಟಕ್ಕೆ ತೆಗೆದೆ, ಒಂದೂ ಸರಿಬರಲಿಲ್ಲ. ಆಕಾಶ ಮಸಿ, ದೀಪಗಳು ಬರೀ ಬಿಳಿ ಚುಕ್ಕೆ. ಮರುದಿನ ಸೂರ್ಯ ಮುಳುಗುವ ಮೊದಲೇ ಟ್ರೈಪಾಡ್ ಇಟ್ಟು ಕಾದೆ. ಆರೂವರೆ ಹೊತ್ತಿಗೆ ಆಕಾಶ ಕಡುನೀಲಿಗೆ ತಿರುಗುತ್ತದಲ್ಲ, ಆಗ ಹತ್ತು ನಿಮಿಷ ಮೇಲಿನ ಬೆಳಕೂ ದೀಪದ ಬೆಳಕೂ ಸಮಸಮ. ತೆಂಗಿನ ಗರಿಯೂ ಕಾಣುತ್ತದೆ, ಕೆಂಪು ಕಾಗದದೊಳಗಿನ ಬಿದಿರು ಕಡ್ಡಿಯ ನೆರಳೂ ಕಾಣುತ್ತದೆ. ಕ್ಯಾಮೆರಾದ ಸೆಟ್ಟಿಂಗ್ ಐಎಸ್‌ಒ 100, ಎಫ್ 8, ಶಟರ್ ತೆರೆದಿರುವುದು ನಾಲ್ಕು ಸೆಕೆಂಡು. ಗಾಳಿ ನಿಂತಾಗ ಮಾತ್ರ ಒತ್ತಬೇಕು, ಗೂಡು ಚೂರು ತೂಗಿದರೂ ಬಾಲ ಮಸುಕಾಗುತ್ತದೆ. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋಗೆ ಬಿಟ್ಟರೆ ದೀಪದ ಹಳದಿ ಸಪ್ಪೆಯಾಗುವುದುಂಟು. "ಅಂಗಳದ ಟ್ಯೂಬ್‌ಲೈಟ್ ಆರಿಸ್ತೇನೆ ಮಗಾ, ಗದ್ದೆ ಚಂದ ಕಾಣಲಿ" ಎಂದದ್ದು ದೊಡ್ಡಮ್ಮ. ಅರ್ಧ ಫೋಟೊ ಅವರದ್ದೇ.

ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿ ಕಲಾವಿದ ಬ್ರೂಸ್ ಮನ್ರೋ 2016ರಲ್ಲಿ 50,000 ದೀಪ ನೆಟ್ಟ 'ಫೀಲ್ಡ್ ಆಫ್ ಲೈಟ್' ಇದೆ. ಅದರ ಫೋಟೊಗಳಲ್ಲೂ ನನ್ನನ್ನು ಹಿಡಿದು ನಿಲ್ಲಿಸುವುದು ಹಿಂದೆ ಬಂಡೆ ಕಾಣುವಂಥವು. ಬರೀ ದೀಪ ತುಂಬಿದ ಚಿತ್ರ ಯಾವ ಊರಿನದ್ದೂ ಆಗಬಹುದು. ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ: ಗದ್ದೆಗೊಂದು ದೀಪ, ಸುತ್ತ ಕತ್ತಲೆ.

ಈಗ ಕೆಲವರು ಕಡಲ ದಂಡೆಯಲ್ಲೂ ಹೀಗೇ ಮಾಡೋಣ ಎನ್ನುತ್ತಿದ್ದಾರೆ. ನಾನು ಬರುವುದಿಲ್ಲ. ಕುಂದಾಪುರದ ಕೋಡಿಯಲ್ಲಿ, ಮಂಗಳೂರಿನ ಸಸಿಹಿತ್ಲಿನಲ್ಲಿ ಚಳಿಗಾಲಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ರಾತ್ರಿ ಮರಳಿನಿಂದೆದ್ದು, ಬೆಳಕು ಹೆಚ್ಚಿರುವ ಕಡೆಯೇ ಕಡಲು ಎಂದು ತೆವಳುತ್ತವೆ. ನಾವು ಹಿಂದುಗಡೆ ದೀಪ ಇಟ್ಟರೆ ರಸ್ತೆಯ ಕಡೆ ಹೋಗುತ್ತವೆ. ಒಂದು ಫೋಟೊಕ್ಕೆ ಅಷ್ಟು ಬೆಲೆ ಕೊಡಲು ನನಗೆ ಮನಸ್ಸಿಲ್ಲ.

ಬೇಕಾದವರು ದೀಪಾವಳಿಗೆ ನಮ್ಮ ಬೈಲಿಗೆ ಬನ್ನಿ. ಐದೂವರೆಗೆ ಬಂದರೆ ಕೋಲು ಊರುವುದಕ್ಕೂ ಜನ ಆಗುತ್ತದೆ.